ಎದುರು ಪಕ್ಷದ ಪ್ರಬಂಧ

ಹೊಗೆ ಹಾಕಿ ಒಣಗಿಸಿದ ರಬ್ಬರ್ ಶೀಟಿನ ವಾಸನೆ ಚೆನ್ನಾಗಿದೆ ಎಂದವರನ್ನು ನಾನು ಈವರೆಗೆ ಕಂಡಿಲ್ಲ. ಹುಳಿ ಬಂದ ಹಾಲು, ತೆಂಗಿನ ಚಿಪ್ಪಿನ ಹೊಗೆ, ಒದ್ದೆ ಗೋಣಿ ಎಲ್ಲ ಸೇರಿದ ನಾತ ಅದು. ಕಳೆದ ವಾರ ಪುತ್ತೂರಿನಿಂದ ಕಡಬಕ್ಕೆ ಹೋಗುತ್ತಿದ್ದಾಗ ಆಲಂಕಾರಿನಲ್ಲಿ ಒಬ್ಬರು ಶೀಟಿನ ಕಟ್ಟೊಂದನ್ನು ಬಸ್ಸಿಗೆ ಹತ್ತಿಸಿ ನನ್ನ ಸೀಟಿನ ಅಡಿಗೇ ತಳ್ಳಿದರು. "ಅದನ್ನು ಹಿಂದೆ ಇಡಿ ಮಾರಾಯ್ರೆ, ಜನ ಕೂತ್ಕೊಳ್ಳುದು ಬೇಡ್ವಾ?" ಎಂದು ಕಂಡಕ್ಟರ್ ಗೊಣಗಿದ. ಪಕ್ಕದಲ್ಲಿದ್ದವರು ಮೂಗಿಗೆ ಸೆರಗು ಹಿಡಿದರು. ನನಗೆ ಮಾತ್ರ ಆರು ವರ್ಷ ಹಿಂದಿನ ಒಂದು ಮನೆಯ ಚಾವಡಿ, ಅಲ್ಲಿನ ಮಂಚ, ಮಂಚದ ಮೇಲಿದ್ದ ಒಂದು ಎಡಗೈ ನೆನಪಾಗಿ, ಕಡಬ ಬಂದರೂ ಇಳಿಯುವುದು ಮರೆತುಹೋಗಿತ್ತು.

ಆ ವರ್ಷ ನಾನು ಕಡಬದಿಂದ ಸ್ವಲ್ಪ ಆಚೆ, ರಬ್ಬರ್ ತೋಟಗಳ ನಡುವಿನ ಒಂದು ಜೂನಿಯರ್ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಪಾಠ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಮೂರು ತಾಲೂಕಿನಲ್ಲಿ ಇಲ್ಲ ಎಂಬ ಭ್ರಮೆ ನನಗಿತ್ತು. ಭ್ರಮೆ ಎಂದು ಈಗ ಹೇಳುತ್ತಿದ್ದೇನೆ, ಆಗ ಅದನ್ನು ಆತ್ಮವಿಶ್ವಾಸ ಎಂದೇ ತಿಳಿದಿದ್ದೆ. ದ್ವಿತೀಯ ಪಿಯುಸಿಯ ಹದಿನೆಂಟು ಮಕ್ಕಳನ್ನು ಆರಿಸಿ, ವಾರಕ್ಕೆ ಮೂರು ದಿನ ಕೊನೆಯ ಪೀರಿಯಡಿನಲ್ಲಿ ಅವರಿಗೆ ಪ್ರಬಂಧ ಬರೆಯುವುದನ್ನು ಹೇಳಿಕೊಡಲು ಹೊರಟೆ. ಎರಡು ವಸ್ತುವನ್ನು ಹೋಲಿಸಿ ಬರೆಯುವುದು ಒಂದು, ಓದುವವರ ಮನಸ್ಸು ಒಲಿಸಿಕೊಳ್ಳುವಂತೆ ವಾದಿಸಿ ಬರೆಯುವುದು ಇನ್ನೊಂದು. ಅದಕ್ಕೆಂದು ಕಾಲೇಜಿನ ಕಪಾಟಿನಿಂದ, ರಟ್ಟು ಹರಿದು ಗೆದ್ದಲು ಮೂಸಿ ಬಿಟ್ಟ ಎರಡು ಹಳೆಯ ಇಂಗ್ಲಿಷ್ ಕಾದಂಬರಿಗಳನ್ನು ಹುಡುಕಿ ತೆಗೆದೆ. ಎರಡೂ ವಿಲಾಯತಿಯ ಹಳ್ಳಿಗಳಲ್ಲಿ ನಡೆಯುವ ಕಥೆಗಳು. ಒಂದರಲ್ಲಿ ಮಗಳು ಮನೆ ಬಿಟ್ಟು ದೂರದ ಊರಿಗೆ ಟೀಚರಾಗಿ ಹೋಗುತ್ತಾಳೆ. ಇನ್ನೊಂದರಲ್ಲಿ ಮಗಳು ಕಾಯಿಲೆಯ ತಂದೆಯನ್ನು ನೋಡಿಕೊಳ್ಳುತ್ತಾ ಮನೆಯಲ್ಲೇ ಉಳಿಯುತ್ತಾಳೆ.

ಮೊದಮೊದಲು ಮಕ್ಕಳು ನನ್ನನ್ನು ಗೋಳು ಹೊಯ್ದುಕೊಂಡರು. "ಟೀಚರ್, ಇವ್ರು ಇಡೀ ದಿನ ಚಾ ಕುಡಿಯುದು, ಕಾಗದ ಬರಿಯುದು ಬಿಟ್ರೆ ಬೇರೆ ಎಂತ ಮಾಡುದು? ಇವ್ರ ಮನೇಲಿ ಕೆಲಸ ಇಲ್ವಾ?" ಎಂದು ಒಬ್ಬ ಕೇಳಿದ. ಹೋಲಿಕೆಯ ಅಭ್ಯಾಸಕ್ಕೆ ಪುತ್ತೂರಿಗೆ ಹೋಗುವ ಸರಕಾರಿ ಬಸ್ಸನ್ನೂ ಪ್ರೈವೇಟ್ ಬಸ್ಸನ್ನೂ ಕೊಟ್ಟೆ. ಹದಿನೆಂಟರಲ್ಲಿ ಹದಿನೈದು ಪ್ರಬಂಧ ಕೊನೆಗೆ ಡ್ರೈವರ್‌ಗಳ ಜಗಳದಲ್ಲಿ ಮುಗಿದವು. ಆದರೂ ಜುಲೈ ಹೊತ್ತಿಗೆ ಅವರಿಗೆ ಆ ಇಬ್ಬರು ಹೆಣ್ಣುಮಕ್ಕಳ ಮೇಲೆ ಪ್ರೀತಿ ಹುಟ್ಟಿತು. ಹೊರಟು ಹೋದವಳು ಸರಿಯೋ ಉಳಿದವಳು ಸರಿಯೋ ಎಂದು ಬಸ್ ಸ್ಟ್ಯಾಂಡಿನಲ್ಲಿ ಕೊಡೆ ಹಿಡಿದು ನಿಂತೂ ಜಗಳವಾಡುತ್ತಿದ್ದರು.

ಎಲ್ಲರಿಗಿಂತ ಚೆನ್ನಾಗಿ ಜಗಳವಾಡುತ್ತಿದ್ದವಳು ಜಿನ್ಸಿ. ಅವಳದು ಕೇರಳದಿಂದ ಬಂದು ನೆಲೆಸಿದ ಕ್ರಿಶ್ಚಿಯನ್ ಕುಟುಂಬ. ಅಪ್ಪ ತೋಮಾಚ್ಚನ್ ಎರಡೆಕರೆ ರಬ್ಬರನ್ನು ತಾನೇ ಟ್ಯಾಪ್ ಮಾಡಿ, ಹಾಲು ಇಳಿಸಿ ಶೀಟು ಹೊಡೆಯುತ್ತಿದ್ದರು. ಅಮ್ಮ ಕುವೈತಿನಲ್ಲಿ ನರ್ಸ್. ಎರಡು ವರ್ಷಕ್ಕೊಮ್ಮೆ ಒಂದು ತಿಂಗಳು ಬಂದು ಹೋಗುವ ಅಮ್ಮನಿಗಿಂತ ಅವಳಿಗೆ ಹತ್ತಿರದವರು ಅಪ್ಪನ ಅಮ್ಮ. ಅವರನ್ನು ಅವಳು ಅಮ್ಮಚ್ಚಿ ಎಂದು ಕರೆಯುತ್ತಿದ್ದಳು, ನಾವೂ ಹಾಗೇ ಕರೆಯುತ್ತಿದ್ದೆವು. ಕಾಡು ಸವರಿ ಮರಗೆಣಸು ನೆಟ್ಟ ಕಾಲದ ಹೆಂಗಸು. ಐವತ್ತು ವರ್ಷ ಕಡಬದ ಸಂತೆಯಲ್ಲಿ ಕಾಳುಮೆಣಸು ಮಾರಿ ಮಾರಿ ಅವರ ಕನ್ನಡ ನನ್ನ ಕನ್ನಡಕ್ಕಿಂತ ಜೋರಾಗಿತ್ತು. ಹಿಂದಿನ ವರ್ಷದ ಪೋಷಕರ ಸಭೆಗೆ ಮಗನನ್ನು ಮನೆಯಲ್ಲೇ ಬಿಟ್ಟು ತಾನೇ ಬಂದು, "ಇವಳು ನಿಮ್ಮ ಹಾಗೆ ಟೀಚರ್ ಆಗ್ಬೇಕು. ನರ್ಸು ಬೇಡ. ನಮ್ಮ ಮನೆಯಿಂದ ಒಬ್ಬಳು ಹೋದದ್ದು ಸಾಕು" ಎಂದು ನನ್ನೆದುರು ಬೆಂಚಿನ ಮೇಲೆ ಗಟ್ಟಿಯಾಗಿ ಕೂತಿದ್ದರು.

ಪ್ರಬಂಧದ ತರಗತಿ ಶುರುವಾದ ಆ ಜೂನ್ ತಿಂಗಳಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು ಬಿದ್ದುಹೋದವು, ಮಾತು ಪೂರ್ತಿ ನಿಂತಿತು. ಪುತ್ತೂರಿನ ಆಸ್ಪತ್ರೆಯಲ್ಲಿ ಮೂರು ವಾರವಿಟ್ಟು ಮನೆಗೆ ತಂದರು. ಕಾನ್ವೆಂಟಿನ ಸಿಸ್ಟರ್‌ಗಳು ನಡೆಸುವ ಒಂದು ಆರೈಕೆಯ ಮನೆಗೆ ಸೆಪ್ಟೆಂಬರಿನಲ್ಲಿ ಸೇರಿಸುವುದೆಂದು ಅಪ್ಪ, ಅಮ್ಮ ಫೋನಿನಲ್ಲೇ ಮಾತಾಡಿ ನಿರ್ಧರಿಸಿದರು. ಅಲ್ಲಿಯವರೆಗೆ ಹಗಲು ನೋಡಿಕೊಳ್ಳಲು ನೆರೆಮನೆಯ ಒಬ್ಬಾಕೆ ಬರುತ್ತಿದ್ದಳು. ಅಮ್ಮಚ್ಚಿ ತಲೆಯಾಡಿಸಿ ಒಪ್ಪಿದ್ದಾರೆಂದು ಜಿನ್ಸಿಯೇ ನನಗೆ ಹೇಳಿದ್ದಳು. ಹೇಳುವಾಗ ಅವಳ ಮುಖದಲ್ಲಿ ದುಃಖವಿತ್ತು, ಸ್ವಲ್ಪ ಹಗುರವೂ ಇತ್ತು. ಹದಿನೇಳು ವರ್ಷದ ಹುಡುಗಿಗೆ ಅಷ್ಟು ಹಗುರವಾಗುವ ಹಕ್ಕಿದೆ ಎಂದು ನನಗೆ ಆಗಲೂ ಅನಿಸಿತ್ತು. ಎಲ್ಲ ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ನಿಲ್ಲಲು ನಾನು ಬಿಡಲಿಲ್ಲ.

ಇಲ್ಲಿ ನನ್ನ ಅಪ್ಪನ ವಿಷಯ ಹೇಳಬೇಕು. ನಮ್ಮದು ಸುಳ್ಯ ತಾಲೂಕಿನ ಮರ್ಕಂಜ. ಅಪ್ಪ ತಾಳಮದ್ದಳೆಯ ಅರ್ಥಧಾರಿ. ವೇಷವಿಲ್ಲದೆ, ಕುಣಿತವಿಲ್ಲದೆ, ಭಾಗವತರ ಹಾಡು ಮುಗಿದ ಕೂಡಲೇ ಎದುರುಬದುರು ಕುಳಿತು ಬರೀ ಮಾತಿನಲ್ಲಿ ಯುದ್ಧ ಮಾಡುವ ಕಲೆ ಅದು. ಈ ಆದಿತ್ಯವಾರ ಒಬ್ಬನ ಪಕ್ಷ ವಹಿಸಿ ಸಭೆಯ ಕಣ್ಣಲ್ಲಿ ನೀರು ತರಿಸಿದ ಅಪ್ಪ, ಮುಂದಿನ ಆದಿತ್ಯವಾರ ಅವನನ್ನು ಕೊಲ್ಲುವವನ ಪಕ್ಷ ವಹಿಸಿ ಅದೇ ಸಭೆಯಿಂದ ಚಪ್ಪಾಳೆ ಹೊಡೆಸುತ್ತಿದ್ದರು. "ಸರಿ ಕಂಡದರ ಹೇಳಿಕೆ ಎಂತ ಬುದ್ಧಿ ಬೇಕು ಮಗಾ? ಸರಿ ಕಾಣದ್ದರ ಹೇಳಿ ನೋಡು" ಎಂದು ಅರೆಭಾಷೆಯಲ್ಲಿ ನನ್ನನ್ನು ಕೆಣಕುತ್ತಿದ್ದರು. ನಾನು ಆ ಪದ್ಧತಿಯನ್ನು ಹಾಗೆಯೇ ತಂದು ತರಗತಿಗೆ ಹಾಕಿದೆ. ತಾನು ನಂಬದ ಪಕ್ಷಕ್ಕೇ ಪ್ರತಿಯೊಬ್ಬರೂ ಪ್ರಬಂಧ ಬರೆಯಬೇಕು. ಎದುರಿನವರ ಬಲವಾದ ಮಾತನ್ನು ಮೊದಲು ಒಪ್ಪಿಕೊಳ್ಳಬೇಕು, ಆಮೇಲೆ ಅದನ್ನು ದಾಟಬೇಕು, ದಾಟುವುದಕ್ಕೆ ಸಾಕ್ಷಿ ಕೊಡಬೇಕು. ಕನ್ನಡ ಮಾಸ್ಟ್ರು ಶೀನಪ್ಪನವರು ಸ್ಟಾಫ್ ರೂಮಿನಲ್ಲಿ ಇದನ್ನು ಕೇಳಿ ಎಲೆಗೆ ಸುಣ್ಣ ಸವರುತ್ತಾ, "ಅಲ್ಲ ಮೇಡಂ, ಅರ್ಥಧಾರಿಗೆ ಮಂಗಳ ಹಾಡಿದ ಮೇಲೆ ಪಾತ್ರ ಬಿಟ್ಟು ಏಳ್ಲಿಕ್ಕೆ ಗೊತ್ತುಂಟು. ಈ ಮಕ್ಕಳಿಗೆ ಮಂಗಳ ಯಾರು ಹಾಡುದು?" ಎಂದರು. ತಮಾಷೆಗೆ ಹೇಳಿದರೆಂದು ನಾನೂ ನಕ್ಕೆ.

ಜಿನ್ಸಿ, ಕಾದಂಬರಿಯಲ್ಲಿ ಮನೆ ಬಿಟ್ಟು ಹೋದವಳ ಪಕ್ಷದವಳು. ಆದ್ದರಿಂದ ಅವಳ ಪಾಲಿಗೆ ಎದುರು ಪಕ್ಷ ಬಂತು: ಮನೆಯಲ್ಲಿ ಕಾಯಿಲೆ ಬಿದ್ದು ಮಲಗಿದವರಿರುವಾಗ ಮಗಳು ಹೊರಡಬಾರದು. ನನಗೆ ಅವಳ ಮನೆಯ ಸ್ಥಿತಿ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೂ ಕೊಟ್ಟೆ. ನಿಯಮ ಎಂದರೆ ನಿಯಮ ಎಂದುಕೊಂಡೆ.

ಅವಳು ತಂದ ಮೊದಲ ಪ್ರಬಂಧ ಸಪ್ಪೆಯಾಗಿತ್ತು. ಕಾದಂಬರಿಯಿಂದ ನಾಲ್ಕು ಘಟನೆ ಎತ್ತಿ ಸಾಲಾಗಿ ಇಟ್ಟಿದ್ದಳು ಅಷ್ಟೆ. "ನೀನೇ ನಂಬದಿದ್ದರೆ ಓದುವವರು ಹೇಗೆ ನಂಬುದು ಜಿನ್ಸಿ?" ಎಂದೆ.

"ನಂಗೆ ನಂಬಿಕೆ ಬರುದಿಲ್ಲ ಟೀಚರ್. ಎಂತ ಮಾಡುದು?"

"ನಿಮ್ಮ ಮನೆಯಲ್ಲೇ ಅಮ್ಮಚ್ಚಿ ಇದ್ದಾರಲ್ಲ. ಅವರ ಹತ್ತಿರ ಒಂದು ಗಂಟೆ ಸುಮ್ಮನೆ ಕೂತು ನೋಡು. ನೋಡಿದ್ದನ್ನು ಬರೆ. ಅದಕ್ಕಿಂತ ದೊಡ್ಡ ಸಾಕ್ಷಿ ನಿನಗೆಲ್ಲಿ ಸಿಗುತ್ತದೆ?"

ಈ ಮಾತು ನನ್ನ ಬಾಯಿಂದಲೇ ಬಂದದ್ದು. ಅವಳು ಒಂದು ಗಂಟೆಯಲ್ಲ, ನಾಲ್ಕು ದಿನ ಸಂಜೆ ಕೂತಳು. ಐದನೆಯ ದಿನ ಅವಳು ತಂದ ಹಾಳೆಗಳನ್ನು ಸ್ಟಾಫ್ ರೂಮಿನಲ್ಲಿ ಓದುತ್ತಾ ನನ್ನ ಚಾ ಆರಿಹೋಯಿತು. ಹೊರಟು ಹೋದವಳಿಗೆ ದಾರಿಯುದ್ದಕ್ಕೂ ನೋಡಲು ಊರುಗಳಿದ್ದವು, ಮಲಗಿದವನಿಗೆ ಮಾಡಿನ ಹಂಚು ಮಾತ್ರ ಎಂದು ಬರೆದಿದ್ದಳು. ಬಾಯಾರಿದೆ ಎಂದು ಹೇಳಲಾಗದವರ ಬಾಯಾರಿಕೆಯನ್ನು ಸಂಬಳಕ್ಕೆ ಬಂದವರು ಗಂಟೆ ನೋಡಿ ತಿಳಿಯುತ್ತಾರೆ, ಮೊಮ್ಮಗಳು ಮುಖ ನೋಡಿ ತಿಳಿಯುತ್ತಾಳೆ ಎಂದು ಬರೆದಿದ್ದಳು. ಕಾದಂಬರಿಯಲ್ಲಿ ಮೊಮ್ಮಗಳು ಎಂಬವಳೇ ಇಲ್ಲ. ಅದಕ್ಕೆ ಕೆಂಪು ಗೆರೆ ಹಾಕಿ 'ಮಗಳು' ಎಂದು ತಿದ್ದಿದೆ. ಅಷ್ಟೇ ನಾನು ಗಮನಿಸಿದ್ದು.

ಆಗಸ್ಟಿನಲ್ಲಿ ಪುತ್ತೂರಿನಲ್ಲಿ ಕಾಲೇಜು ಮಕ್ಕಳ ಪ್ರಬಂಧ ಓದುವ ಸ್ಪರ್ಧೆಯಿತ್ತು. ಕರೆದುಕೊಂಡು ಹೋದೆ. ತೋಮಾಚ್ಚನ್ ಬಿಳಿ ಪಂಚೆ ಉಟ್ಟು ಕೊನೆಯ ಸಾಲಿನಲ್ಲಿ ಕೂತಿದ್ದರು. ಅವರಿಗೆ ಇಂಗ್ಲಿಷ್ ಅಷ್ಟಾಗಿ ಬಾರದು, ಆದರೆ ಸಭೆ ಪಿಸುಗುಡುವುದನ್ನು ನಿಲ್ಲಿಸಿದ್ದು ಅವರಿಗೂ ತಿಳಿಯಿತು. ಜಿನ್ಸಿಗೆ ಮೊದಲ ಬಹುಮಾನ ಬಂತು. ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಕೇಳಿದರೆಂದು ಅವಳು ಇಡೀ ಪ್ರಬಂಧವನ್ನು ಮಲಯಾಳದಲ್ಲಿ ಹೇಳಿದಳು. ನಾನು ಮುಂದಿನ ಸೀಟಿನಿಂದ ತಿರುಗಿ ನೋಡಿದೆ. ತೋಮಾಚ್ಚನ್ ಕಿಟಕಿಯ ಕಡೆ ಮುಖ ತಿರುಗಿಸಿ ಕಣ್ಣು ಒರೆಸಿಕೊಂಡದ್ದು ಕಂಡಿತು. ನನ್ನ ಪಾಠ ಗೆದ್ದಿತು ಎಂದು ನನ್ನ ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ.

ಸೆಪ್ಟೆಂಬರಿನಲ್ಲಿ ಹತ್ತು ದಿನ ಅವಳು ಕಾಲೇಜಿಗೆ ಬರಲಿಲ್ಲ. ಜ್ವರವಿರಬೇಕು ಎಂದುಕೊಂಡೆ. ಹನ್ನೊಂದನೆಯ ದಿನ ಅವಳ ಗೆಳತಿಯರಿಂದ ವಿಷಯ ತಿಳಿಯಿತು: ಅಮ್ಮಚ್ಚಿಯನ್ನು ಸಿಸ್ಟರ್‌ಗಳ ಮನೆಗೆ ಕಳಿಸುವುದು ಬೇಡವೆಂದು ಜಿನ್ಸಿಯೇ ತಡೆದಿದ್ದಾಳೆ. ನೆರೆಮನೆಯಾಕೆಯನ್ನೂ ನಿಲ್ಲಿಸಿದ್ದಾಳೆ. ಕಾಲೇಜು ಬಿಟ್ಟಿದ್ದಾಳೆ.

ಅವತ್ತೇ ಮಧ್ಯಾಹ್ನ ಹೋದೆ. ಮಳೆ ನಿಂತು ಹೊಳವಾಗಿತ್ತು, ತೋಟದ ದಾರಿಯಲ್ಲಿ ಜಿಗಣೆ. ಮನೆಯ ಹಿಂದಿನ ಹೊಗೆಗೂಡಿನಿಂದ ಶೀಟಿನ ನಾತ ಅಂಗಳದವರೆಗೂ ಬರುತ್ತಿತ್ತು. ಚಾವಡಿಯ ಮಂಚದಲ್ಲಿ ಅಮ್ಮಚ್ಚಿ. ತಲೆ ಬಾಚಿ, ಚಟ್ಟೆ ಎಂಬ ಬಿಳಿಯ ಸಡಿಲ ರವಿಕೆ ತೊಡಿಸಿ, ಬೆನ್ನಿಗೆ ದಿಂಬು ಕೊಟ್ಟು ಜಿನ್ಸಿ ಕೂರಿಸಿದ್ದಳು. ಹಾಸಿಗೆ ಒಂದು ಸುಕ್ಕಿಲ್ಲದೆ ಚೊಕ್ಕವಾಗಿತ್ತು. ಅವಳು ಮಾತ್ರ ಹತ್ತೇ ದಿನದಲ್ಲಿ ನಾಲ್ಕು ವರ್ಷ ದೊಡ್ಡವಳಾದಂತೆ ಕಂಡಳು.

"ಅದು ಅಭ್ಯಾಸಕ್ಕೆ ಬರೆದ ಪ್ರಬಂಧ ಜಿನ್ಸಿ" ಎಂದೆ.

"ಹೌದು ಟೀಚರ್. ಬರೆಯುವಾಗ ನಂಗೂ ಹಾಗೇ ಇತ್ತು. ಬರೆದು ಆದ್ಮೇಲೆ ಅದಕ್ಕೆ ಉತ್ತರ ಎಂತ ಅಂತ ಹುಡುಕಿದೆ. ಸಿಗ್ಲಿಲ್ಲ."

"ಆರು ತಿಂಗಳು. ಪರೀಕ್ಷೆ ಮುಗಿಸು. ಆಮೇಲೆ ನೀನೇ ನೋಡಿಕೋ, ಯಾರು ಬೇಡ ಅಂತಾರೆ?"

"ನೀವು ಹೇಳುದು ಸರಿ. ಆರು ತಿಂಗಳು ದೊಡ್ಡದಲ್ಲ, ನಂಗೆ. ಅಮ್ಮಚ್ಚಿಗೆ ಆರು ತಿಂಗಳು ಉಂಟಾ ಇಲ್ವಾ ಅಂತ ಡಾಕ್ಟ್ರಿಗೇ ಗೊತ್ತಿಲ್ಲ. ಪರೀಕ್ಷೆ ಬರುವ ವರ್ಷವೂ ಉಂಟು, ಟೀಚರ್."

ನನ್ನ ಬಲವಾದ ಮಾತನ್ನು ಮೊದಲು ಒಪ್ಪಿಕೊಂಡಳು, ಆಮೇಲೆ ದಾಟಿದಳು, ಸಾಕ್ಷಿ ಕೊಟ್ಟಳು. ಅಮ್ಮನ ಹಣ, ಅಪ್ಪನ ಕಷ್ಟ, ಸಿಸ್ಟರ್‌ಗಳ ಒಳ್ಳೆಯತನ, ನಾನು ಏನೆಲ್ಲ ತಂದೆನೋ ಎಲ್ಲಕ್ಕೂ ಹೀಗೇ. ಒಂದು ಮಾತೂ ಒರಟಾಗಿ ಆಡಲಿಲ್ಲ. ತೋಮಾಚ್ಚನ್ ಬಾಗಿಲ ಬಳಿ ನಿಂತು, "ಅವಳಿಗೆ ಯಾರು ಹೇಳಿ ಆಗುದು ಟೀಚರೇ? ನಂಗಂತೂ ಆಗ್ಲಿಲ್ಲ. ಅವಳು ಹೇಳುದು ಕೇಳಿದ್ರೆ ಅದೇ ಸರಿ ಅಂತ ಕಾಣ್ತದೆ" ಎಂದರು. ನನಗೂ ಹಾಗೇ ಕಂಡಿತು. ಸೋತದ್ದಕ್ಕೆ ಸಿಟ್ಟು ಬಂತು. ನಾನೇ ಕಲಿಸಿದ್ದು ಎಂದು, ನಾಚಿಕೆಯಿಲ್ಲದೆ, ಒಂದು ಚೂರು ಹೆಮ್ಮೆಯೂ ಆಯಿತು.

ಜಿನ್ಸಿ ಚಾ ಮಾಡಲು ಒಳಗೆ ಹೋದಳು. ತೋಮಾಚ್ಚನ್ ಹೊಗೆಗೂಡಿನ ಕಡೆ ಹೋದರು. ನಾನು ಮಂಚದ ಬಳಿ ಹೋದೆ. ಅಮ್ಮಚ್ಚಿಯ ಎಡಗೈ ಥಟ್ಟನೆ ಬಂದು ನನ್ನ ಮಣಿಕಟ್ಟು ಹಿಡಿಯಿತು. ಕಾಯಿಲೆಯವರ ಹಿಡಿತವಲ್ಲ ಅದು, ಸಂತೆಯಲ್ಲಿ ಮೆಣಸಿನ ಚೀಲ ಎತ್ತಿದ ಕೈ. ನನ್ನನ್ನು ನೋಡಿ ಗಂಟಲಿನಿಂದ ಏನೋ ಸ್ವರ ಹೊರಡಿಸಿದರು. ಅಡಿಗೆಮನೆಯ ಕಡೆ ನೋಡಿದರು, ಮತ್ತೆ ನನ್ನನ್ನು ನೋಡಿದರು, ಕೈಯನ್ನು ಜಗ್ಗಿದರು. ಎಲ್ಲಿ ಮೊಮ್ಮಗಳನ್ನು ಕರೆದುಕೊಂಡು ಹೋಗುತ್ತೇನೋ ಎಂಬ ಭಯ ಎಂದು ನಾನು ತಿಳಿದೆ. ಪಾಪ ಅನಿಸಿತು. ಆ ಕೈಯನ್ನು ಸವರಿ, "ಹೆದರಬೇಡಿ ಅಮ್ಮಚ್ಚಿ. ಅವಳು ನಿಮ್ಮನ್ನು ಬಿಟ್ಟು ಎಲ್ಲಿಗೂ ಹೋಗುದಿಲ್ಲ. ನಾನೂ ಒಪ್ಪಿದೆ" ಎಂದೆ.

ಹಿಡಿತ ಸಡಿಲವಾಯಿತು. ಕಣ್ಣಿನಿಂದ ನೀರು ಇಳಿದು ಗಲ್ಲದವರೆಗೆ ಹೋಯಿತು. ಸಮಾಧಾನವಾಯಿತು ಎಂದುಕೊಂಡು ಸೆರಗಿನಿಂದ ಒರೆಸಿದೆ. ಚಾ ಕುಡಿದು ಸಂಜೆಯ ಬಸ್ಸಿಗೆ ಬಂದೆ. ದಾರಿಯಲ್ಲಿ ನನ್ನ ಮನಸ್ಸೂ ಸ್ವಲ್ಪ ಹಗುರವಾಗಿತ್ತು. ಒಬ್ಬ ಮುದುಕಿಗಾದರೂ ಒಳ್ಳೆಯದಾಯಿತಲ್ಲ ಎಂದು.

ತರಗತಿ ಅಕ್ಟೋಬರಿನವರೆಗೆ ಕುಂಟುತ್ತಾ ನಡೆಯಿತು. ಹದಿನೇಳು ಮಕ್ಕಳು ಹದಿನೇಳು ಪ್ರಬಂಧ ಬರೆದರು, ನಾನು ತಿದ್ದಿದೆ. ಎದುರು ಪಕ್ಷದ ನಿಯಮವನ್ನು ಮಾತ್ರ ಕೈಬಿಟ್ಟಿದ್ದೆ. ಯಾಕೆ ಎಂದು ಮಕ್ಕಳು ಕೇಳಿದರು. ಸಿಲೆಬಸ್ ಮುಗಿಸಬೇಕು ಎಂದು ಬಾಯಿಗೆ ಬಂದದ್ದು ಹೇಳಿದೆ. ಪರೀಕ್ಷೆಗೆ ಹೆಸರು ಕಳಿಸುವಾಗ ಜಿನ್ಸಿಯ ಹೆಸರು ಬಿಟ್ಟೆವು. ಶೀನಪ್ಪ ಮಾಸ್ಟ್ರು ಪಟ್ಟಿ ನೋಡಿ ಏನೂ ಹೇಳಲಿಲ್ಲ. ಅವರು ಏನಾದರೂ ಹೇಳಿದ್ದರೆ ನನಗೆ ಜಗಳ ತೆಗೆಯಲಾದರೂ ಆಗುತ್ತಿತ್ತು.

ಜನವರಿಯ ಕೊನೆಗೆ ಅಮ್ಮಚ್ಚಿ ತೀರಿಕೊಂಡರು. ನಾನು ಹೆರಿಗೆಯಾದ ತಂಗಿಯ ಜೊತೆ ಸುಳ್ಯದ ಆಸ್ಪತ್ರೆಯಲ್ಲಿದ್ದೆ, ಮಣ್ಣಿಗೆ ಹೋಗಲಾಗಲಿಲ್ಲ. ನಲವತ್ತೊಂದನೆಯ ದಿನದ ಪ್ರಾರ್ಥನೆಗೆ ಬರಬೇಕೆಂದು ತೋಮಾಚ್ಚನ್ ಫೋನ್ ಮಾಡಿದರು. ಆ ಬೆಳಿಗ್ಗೆ ನಮ್ಮ ಮಕ್ಕಳಿಗೆ ಇಂಗ್ಲಿಷ್ ಪರೀಕ್ಷೆ. ಅವರನ್ನು ಪರೀಕ್ಷೆಯ ಕೋಣೆಯೊಳಗೆ ಕಳಿಸಿ, ನಾನು ನೇರ ಅಲ್ಲಿಗೆ ಹೋದೆ.

ಕುವೈತಿನಿಂದ ಜಿನ್ಸಿಯ ಅಮ್ಮ ಬಂದಿದ್ದರು. ಪಾದ್ರಿಗಳು ಪ್ರಾರ್ಥನೆ ಮುಗಿಸಿ ಊಟಕ್ಕೆ ಕೂತಿದ್ದರು. ಜಿನ್ಸಿ ನನ್ನನ್ನು ಅಂಗಳದ ಆಚೆ, ಶೀಟು ಒಣಹಾಕುವ ಬಿದಿರಿನ ಹತ್ತಿರ ಕರೆದುಕೊಂಡು ಹೋದಳು. ಬಹಳ ಹೊತ್ತು ಕೈಯಲ್ಲಿದ್ದ ಟವೆಲನ್ನು ಮಡಚಿದಳು, ಬಿಚ್ಚಿದಳು.

"ಟೀಚರ್, ಒಂದು ವಿಷಯ ಯಾರಿಗೂ ಹೇಳ್ಲಿಲ್ಲ. ನಾನು ಕಾಲೇಜು ಬಿಟ್ಟ ದಿನದಿಂದ ಅಮ್ಮಚ್ಚಿ ನನ್ನ ಕೈಯಿಂದ ಸುಲಭಕ್ಕೆ ಉಣ್ಲಿಕ್ಕೆ ಒಪ್ತಾ ಇರ್ಲಿಲ್ಲ. ಬೆಳಿಗ್ಗೆ ಕಾಲೇಜು ಬಸ್ಸಿನ ಹಾರ್ನ್ ಕೇಳ್ತದಲ್ಲ, ಆಗ ಎಡಗೈಯಲ್ಲಿ ನನ್ನನ್ನು ದೂಡುದು. ಬಾಗಿಲಿನ ಕಡೆ. ದಿನಾ. ಗಂಜಿ ಚೆಲ್ಲುದು, ಮತ್ತೆ ದೂಡುದು."

ನಾನು ಬಿದಿರಿನ ಮೇಲಿದ್ದ ಶೀಟನ್ನು ಸರಿಸಿ ಅವಳ ಹತ್ತಿರ ನಿಂತೆ.

"ನಂಗೆ ಗೊತ್ತಿತ್ತು ಟೀಚರ್, ಹೋಗು ಅಂತ ಹೇಳುದು ಅಂತ. ಗೊತ್ತಿದ್ದೂ ದಿನಾ ಹತ್ತಿರ ಕೂತು ಅವರಿಗೆ ಬುದ್ಧಿ ಹೇಳ್ತಿದ್ದೆ. 'ನೀವು ನಂಗೆ ಭಾರ ಆಗ್ಬಾರ್ದು ಅಂತ ಹೀಗೆ ಮಾಡುದು ಅಮ್ಮಚ್ಚಿ, ಅದು ನಿಮ್ಮ ದೊಡ್ಡ ಮನಸ್ಸು, ಆದ್ರೆ...' ಅಂತ ಶುರು ಮಾಡಿದ್ರೆ ಅವರು ಕಣ್ಣು ಮುಚ್ಚಿಕೊಳ್ತಿದ್ರು. ಡಿಸೆಂಬರಲ್ಲಿ ದೂಡುದು ಬಿಟ್ರು. ಆಮೇಲೆ ಕೊಟ್ಟದ್ದು ಉಂಡ್ರು. ನಾನು ಗೆದ್ದೆ ಅಂತ ಗ್ರಹಿಸಿದೆ." ಅವಳು ಅಳಲಿಲ್ಲ. "ಮಾತೇ ಇಲ್ಲದವರ ಜೊತೆ ವಾದ ಮಾಡಿ ಗೆಲ್ಲುದು ಎಂತ ದೊಡ್ಡ ವಿಷಯ?"

ಅವಳ ಹೆಗಲಿನ ಮೇಲೆ ಕೈಯಿಟ್ಟೆ. ನನ್ನ ಮಣಿಕಟ್ಟಿನಲ್ಲಿ ಆ ಹಿಡಿತ ಮತ್ತೆ ಬಂದು ಕೂತಿತು, ಆ ಮಧ್ಯಾಹ್ನದ ಕಣ್ಣೀರು ಯಾತರದ್ದೆಂದು ಆ ಕ್ಷಣದಲ್ಲಿ ನನಗೆ ತಿಳಿಯಿತು. ಮೊಮ್ಮಗಳನ್ನು ಕರೆದುಕೊಂಡು ಹೋಗಲು ಬಂದವಳು ಎಂದು ಆ ಮುದುಕಿ ನನ್ನನ್ನು ಕಾದಿದ್ದರು. ನಾನು ಅವರ ಕೊನೆಯ ಆಸೆಯ ಬಾಗಿಲನ್ನು ಅವರ ಮುಖದೆದುರೇ ಮುಚ್ಚಿ, ಮೇಲಿಂದ ಕಣ್ಣೂ ಒರೆಸಿ ಬಂದಿದ್ದೆ.

ಜಿನ್ಸಿ ಮರುವರ್ಷ ಬೇರೆ ಕಾಲೇಜಿಗೆ ಸೇರಿ ಪಿಯುಸಿ ಮುಗಿಸಿದಳು. ಈಗ ಪುತ್ತೂರಿನ ಒಂದು ಅಂಗಡಿಯಲ್ಲಿ ಬಿಲ್ ಬರೆಯುತ್ತಾಳೆ. ಟೀಚರ್ ಆಗುವ ಮಾತನ್ನು ಅವಳು ಎತ್ತುವುದಿಲ್ಲ. ಯಾರಾದರೂ ಜಗಳಕ್ಕೆ ಬಂದರೆ, ನೀವು ಹೇಳುದೇ ಸರಿ ಎಂದು ಬಿಟ್ಟುಬಿಡುತ್ತಾಳಂತೆ. ಸಿಕ್ಕಾಗ ಚಾ ಕುಡಿಯುತ್ತೇವೆ. ಅವಳಿಗೆ ನನ್ನ ಮೇಲೆ ಸಿಟ್ಟಿಲ್ಲ, ಅದೇ ನನಗೆ ತಡೆಯಲಾಗದ್ದು.

ಆ ನಲವತ್ತೊಂದರ ದಿನ ನಾನು ಹೊರಟಾಗ ಅವಳು ಗೇಟಿನವರೆಗೆ ಬಂದಳು. "ಟೀಚರ್, ನೀವು ಬಂದಿದ್ದ ದಿನ ಅಮ್ಮಚ್ಚಿ ನಿಮ್ಮ ಕೈ ಹಿಡ್ಕೊಂಡಿದ್ರು. ನಾನು ಒಳಗಿಂದ ನೋಡಿದೆ. ಅವರು ಎಂತ ಹೇಳ್ಲಿಕ್ಕೆ ನೋಡಿದ್ದೂಂತ ಆಗ ನಿಮಗೆ ಗೊತ್ತಾಯ್ತಾ?" ಎಂದು ಕೇಳಿದಳು.

"ಇಲ್ಲ" ಎಂದೆ.

ಅವರು ಕೈ ಹಿಡಿದ ಆ ಮಧ್ಯಾಹ್ನದ ಮಟ್ಟಿಗೆ ಅದು ಸುಳ್ಳಲ್ಲ. ಆದರೆ ನಾನು ಅಮ್ಮಚ್ಚಿಗೆ ಏನು ಉತ್ತರ ಕೊಟ್ಟೆ ಎಂಬುದನ್ನು ಜಿನ್ಸಿಗೆ ಇವತ್ತಿನವರೆಗೂ ಹೇಳಿಲ್ಲ.